ಹಿಂದಿನಿಂದ ಕರೆದಾಗ

ನಾನು ಒದ್ದೆ ಬಟ್ಟೆಯಿಂದ ಡಬ್ಬಿಯ ಮೇಲಿನ ಧೂಳು ತೆಗೆಯುತ್ತಿದ್ದೆ. ಅಸ್ರಾ ಒಣ ಬಟ್ಟೆಯಿಂದ ಒರೆಸಿ ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದಳು. ಒಟ್ಟು ನಲವತ್ತು ಡಬ್ಬಿ, ಒಂದೊಂದರಲ್ಲೂ ಒಂದೊಂದು ಕಿವಿಯ ಮೆಷಿನ್. ಬಂದು ಮೂರು ವರ್ಷವಾಗಿತ್ತು, ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಬಿಚ್ಚಿರಲಿಲ್ಲ. ಬ್ಯಾಟರಿಗಳು ಒಳಗೊಳಗೇ ಹಸಿರು ಕಕ್ಕಿ ರಟ್ಟಿನ ಮೂಲೆಗಳನ್ನು ತಿಂದುಹಾಕಿದ್ದವು. ಅಂಥ ಡಬ್ಬಿ ಕೈಗೆ ಬಂದರೆ ಅಸ್ರಾ ಕೆಟ್ಟ ಮೂಲೆಯನ್ನು ಗೋಡೆಯ ಕಡೆ ಮಾಡಿ ಇಡುತ್ತಿದ್ದಳು. ನಾನೇನೂ ಹೇಳಿಕೊಟ್ಟಿರಲಿಲ್ಲ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರ ಮನೆಯಲ್ಲಿ ಬೆಳೆದವಳಿಗೆ ಯಾವ ಮಗ್ಗುಲು ಗಿರಾಕಿಯ ಕಡೆ ಇರಬೇಕು ಅನ್ನುವುದು ಗೊತ್ತಿರುತ್ತದೆ.

ಅರ್ಧ ಗಂಟೆಯಿಂದ ಇಬ್ಬರ ನಡುವೆ ಒಂದು ಮಾತೂ ಇರಲಿಲ್ಲ. ಅಸ್ರಾ ನನ್ನ ತಂಗಿ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳುವುದಿಲ್ಲ. ನನಗೆ ಕೇಳುತ್ತದೆ, ಆದರೆ ಜನರ ಮುಂದೆ ದನಿ ಏಳುವುದಿಲ್ಲ. ನಾವಿಬ್ಬರೇ ಒಂದು ಕೋಣೆಯಲ್ಲಿದ್ದರೆ ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ಅಮ್ಮ ಬಾಗಿಲಲ್ಲಿ ಇಣುಕಿ ನೋಡುತ್ತಾಳೆ.

"ಇನ್ನೂ ಮುಗೀಲಿಲ್ವಾ ಮೂಗ್ ಮುಂಡೇವ್ರಾ? ಸಾಹೇಬ್ರು ಬಿಡದಿ ದಾಟವ್ರಂತೆ. ಏಯ್ ಅಸ್ರಾ, ಬೇಗ ಬೇಗ!"

ಅಶ್ವಥಣ್ಣ ಬಿಳಿ ಅಂಗಿಯ ತೋಳು ಮಡಚುತ್ತ ಅಂಗಳಕ್ಕೆ ಬಂದರು. ಈ ಕಿವುಡರ ಸೇವಾ ಕೇಂದ್ರದ ಕಾರ್ಯದರ್ಶಿ ಅವರೇ. ಜಾಗ ಅವರದು, ಸುತ್ತಲಿನ ತೆಂಗಿನ ತೋಟ ಅವರದು, ಸರ್ಕಾರದಿಂದ ಬರುವ ಅನುದಾನದ ಕಾಗದವೂ ಅವರ ಹೆಸರಿಗೇ ಬರುತ್ತದೆ. ನಾನು ಕಸ ಗುಡಿಸುವವಳು.

ಅಸ್ರಾ ಅನ್ನುವ ಹೆಸರು ಬಿದ್ದ ಕೂಡಲೇ ನನ್ನ ಹಿಮ್ಮಡಿ ನೆಲಕ್ಕೆ ಒಂದು ಗುದ್ದು ಕೊಟ್ಟಿತು. ನಾವಿದ್ದದ್ದು ತಪಾಸಣೆಗೆ ಬರುವ ಸಾಹೇಬರಿಗೆಂದು ಅಂಗಳದಲ್ಲಿ ಗೋಡೆಗೆ ಸೇರಿಸಿ ಹಾಕಿಸಿದ್ದ ಹಲಗೆಯ ವೇದಿಕೆಯ ಮೇಲೆ. ಹಲಗೆ ಅದುರಿತು. ಅಸ್ರಾ ತಟ್ಟನೆ ತಲೆ ಎತ್ತಿ ನನ್ನ ಕಡೆ ತಿರುಗಿದಳು.

"ಕುದ್ರೆ ಥರ ಯಾಕೇ ಕಾಲ್ ಕುಟ್ತೀಯ?" ಅಂದರು ಅಶ್ವಥಣ್ಣ.

ನಮ್ಮ ಮನೆಯಲ್ಲಿ ಅವಳನ್ನು ಕರೆಯುವುದೇ ಹಾಗೆ. ಮನೆಯ ಅಟ್ಟಕ್ಕೆ ಹಲಗೆ ಹಾಸಿದೆ. ಅಬ್ಬಾ ಅಲ್ಲೇ ಲೇತು ಇಟ್ಟುಕೊಂಡು ಗೊಂಬೆ ಕಡೆಯುತ್ತಾರೆ, ಅಸ್ರಾ ಅರಗಿನ ಬಣ್ಣ ಹಚ್ಚಿ ತಾಳೆಗರಿ ಒತ್ತಿ ಹೊಳಪು ಕೊಡುತ್ತಾಳೆ. ಅಬ್ಬಾ ಅಭ್ಯಾಸದಿಂದ "ಅಸ್ರಾ" ಎಂದು ಬಾಯಲ್ಲಿ ಕೂಗುತ್ತಾರೆ. ಅವಳಿಗೆ ಹತ್ತಿರ ಇದ್ದವರು ಹಲಗೆಗೆ ಹಿಮ್ಮಡಿ ಗುದ್ದುತ್ತಾರೆ. ಅವಳು ತಿರುಗುತ್ತಾಳೆ. ಹತ್ತೊಂಬತ್ತು ವರ್ಷದಿಂದ ಹೀಗೇ. ಈಗ ಅವಳ ಹೆಸರು ಬಿದ್ದರೆ ನನ್ನ ಕಾಲು ನನ್ನ ಅಪ್ಪಣೆಗೆ ಕಾಯುವುದಿಲ್ಲ.

"ನೋಡು," ಅಂದರು ಅಶ್ವಥಣ್ಣ, "ಸಾಹೇಬ್ರು ಏನ್ ಕೇಳಿದ್ರೂ ಲತಾ ಮೇಡಮ್ಮು ಕೈಲಿ ಹೇಳ್ತಾರೆ, ಕೈಲಿ ಕೇಳ್ತಾರೆ. ನೀನು ಬಾಯಿ ಬುಡಂಗಿಲ್ಲ. ಅದೊಂದು ನಿಂಗೆ ಚೆನ್ನಾಗಿ ಬತ್ತದೆ."

ಲತಾಮಣಿ ಮೇಡಂ ಅಶ್ವಥಣ್ಣನ ಹೆಂಡತಿ. ಕಾಗದದಲ್ಲಿ ಅವರು ಈ ಕೇಂದ್ರದ ಕೈಭಾಷೆಯ ಟೀಚರ್. ಮೂರು ವರ್ಷದಲ್ಲಿ ಅವರು ಕೇಂದ್ರಕ್ಕೆ ಬಂದದ್ದು ಎರಡು ಸಲ. ಒಂದು ಉದ್ಘಾಟನೆಗೆ, ಇನ್ನೊಂದು ಬಾವಿಗೆ ಬಿದ್ದ ಅವರ ನಾಯಿಯನ್ನು ನೋಡಲಿಕ್ಕೆ.

ನಾನು ಬಾಯಿ ಬಿಡುವುದಿಲ್ಲ ಎಂದು ತಲೆ ಆಡಿಸಿದೆ. ನನಗೆ ಆ ದಿನ ಬೇಕಾಗಿದ್ದದ್ದು ಒಂದೇ, ಕಿವಿ ಕೇಳದವಳು ಎಂಬ ಅಸ್ರಾಳ ಸರ್ಕಾರಿ ಕಾರ್ಡಿನ ಮೇಲೆ ಈ ವರ್ಷದ ಪರಿಶೀಲನೆಯ ಮೊಹರು. ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕಿವುಡರಿಗೆ ಮೀಸಲಿಟ್ಟ ಕೆಲಸಕ್ಕೆ ಸಣ್ಣ ಸ್ಕ್ರೂಗಳನ್ನು ಅಳತೆ ನೋಡಿ ಬೇರೆ ಮಾಡುವ ಪರೀಕ್ಷೆ ಇಟ್ಟಿದ್ದರು. ಇಪ್ಪತ್ತಾರು ಹುಡುಗಿಯರಲ್ಲಿ ಮೊದಲು ಮುಗಿಸಿದವಳು ಇವಳು. ಸೋಮವಾರ ಬೆಳಿಗ್ಗೆ ಏಳಕ್ಕೆ ಗೇಟಿನಲ್ಲಿ ಮೊಹರು ಬಿದ್ದ ಕಾರ್ಡು ತೋರಿಸಿದರೆ ಒಳಗೆ, ಇಲ್ಲದಿದ್ದರೆ ಪಟ್ಟಿಯಲ್ಲಿ ಇವಳ ಹಿಂದಿರುವವಳು ಒಳಗೆ. ಅವತ್ತು ಗುರುವಾರ. ಅಸ್ರಾ ಆಗಲೇ ಊಟದ ಡಬ್ಬಿ ತೆಗೆದಿಟ್ಟುಕೊಂಡಿದ್ದಳು. ರಾಮನಗರದಲ್ಲಿ ಎಲ್ಲಿ ಇಳಿದು ಯಾವ ಬಸ್ಸು ಹತ್ತಬೇಕು ಅನ್ನುವುದನ್ನು ಕಲಿಯಲು ನನ್ನನ್ನು ಎರಡು ಸಲ ಹಾರೋಹಳ್ಳಿಯ ತನಕ ಎಳೆದುಕೊಂಡು ಹೋಗಿದ್ದಳು. ಎರಡನೆಯ ಸಲ ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ, ಅವಳು ಒಬ್ಬಳೇ ಬಂದವಳಂತೆ ಮುಂದೆ ಕೂತಿದ್ದಳು.

ಹನ್ನೊಂದು ಗಂಟೆಗೆ ಮಾಗಡಿ ಕಡೆಯ ಟೆಂಪೋ ಬಂತು, ಆಮೇಲೆ ಕನಕಪುರದ್ದು. ಮೂವತ್ತೊಂಬತ್ತು ಜನ ಇಳಿದರು, ಅಸ್ರಾ ಸೇರಿ ನಲವತ್ತು. ಇಳಿಯುತ್ತಲೇ ಎಲ್ಲರ ಕೈಗಳೂ ಮಾತು ಶುರುವಿಟ್ಟುಕೊಂಡವು. ವರ್ಷಕ್ಕೊಂದು ಸಲ ತಮ್ಮಂಥವರು ಇಷ್ಟು ಜನ ಸಿಗುವುದು ಈ ತಪಾಸಣೆಯ ದಿನ ಮಾತ್ರ. ಯಾರಿಗೆ ಮದುವೆಯಾಯಿತು, ಯಾರ ಎಮ್ಮೆ ಕರು ಹಾಕಿತು, ಎಲ್ಲ ಅಂಗಳದಲ್ಲೇ ಆಗಿಹೋಯಿತು.

ಹನ್ನೆರಡಕ್ಕೆ ಸಾಹೇಬರ ಕಾರು ಬಂತು. ಸಾಹೇಬರು ಕೆಂಗಲ್ ಆಂಜನೇಯನ ಕುಂಕುಮ ಹಣೆಯಲ್ಲಿಟ್ಟುಕೊಂಡೇ ಇಳಿದರು. ವೇದಿಕೆಯ ಎರಡೂ ಕಡೆ ನನ್ನಷ್ಟು ಎತ್ತರದ ಎರಡು ಸ್ಪೀಕರು ನಿಂತಿದ್ದವು. ಕಿವುಡರಿಗೆ ಸಲಕರಣೆ ಎಂಬ ಬಾಬ್ತಿನಲ್ಲಿ ತಂದವು.

"ಮೊದಲು ಹಾಜರಿ," ಅಂದರು ಸಾಹೇಬರು ಮೈಕಿನಲ್ಲಿ. "ಹೆಸರು ಕರೆದ ಕೂಡಲೇ ಅವರವರೇ ಉತ್ತರ ಕೊಡಬೇಕು. ಬೇರೆಯವರು ಕೊಡುವ ಹಾಗಿಲ್ಲ. ಹೋದ ವರ್ಷ ಇದರಲ್ಲಿ ಬಹಳ ಮೋಸ ಆಗಿದೆ."

ಒಂದನೆಯ ಹೆಸರು ಕರೆದರು. ಯಾರೂ ಏನೂ ಹೇಳಲಿಲ್ಲ. ಸಾಹೇಬರು ಗೈರು ಎಂದು ಬರೆದರು. ಎರಡನೆಯದು, ಗೈರು. ನಲವತ್ತು ಜನ ಎದುರಿಗೆ ಕುರ್ಚಿಯಲ್ಲಿ ಕೂತು ಸಾಹೇಬರನ್ನೇ ನೋಡುತ್ತಿದ್ದರು. ಕೆಲವರು ನಮಸ್ಕಾರವನ್ನೂ ಮಾಡಿದರು.

ಮೂರನೆಯ ಹೆಸರಿಗೆ ಮುಂದಿನ ಸಾಲಿನಿಂದ ದೊಡ್ಡ ದನಿ ಎದ್ದಿತು. "ಬಂದಿವ್ನಿ ಬುದ್ಧಿ."

ಅದು ಮಾಗಡಿ ಬಳಿಯ ಕಲ್ಯದ ತಿಮ್ಮಯ್ಯ. ವಯಸ್ಸು ಎಪ್ಪತ್ತು ದಾಟಿದೆ. ಅವರಿಗೆ ಪೂರ್ತಿ ಕಿವುಡಲ್ಲ, ಏನೋ ಗುಂಯ್ ಎನ್ನುವುದು ಮಾತ್ರ ತಿಳಿಯುತ್ತದೆ. ಕರೆದದ್ದು ಅವರ ಹೆಸರಾಗಿರಲಿಲ್ಲ. ಆದರೂ ಸಾಹೇಬರು ಹಾಜರು ಎಂದು ಬರೆದರು. ಅಲ್ಲಿಂದ ಮುಂದೆ ಗುಂಯ್ ಎಂದಾಗಲೆಲ್ಲ ತಿಮ್ಮಯ್ಯ ಬಂದಿವ್ನಿ ಎನ್ನುತ್ತ ಹೋದರು. ಅಸ್ರಾಳ ಹೆಸರಿಗೆ ನನ್ನ ಹಿಮ್ಮಡಿ ಗುದ್ದಿತು, ಆಗ ನಾನಿದ್ದದ್ದು ಅಂಗಳದ ಮಣ್ಣಿನ ಮೇಲೆ, ಯಾರಿಗೂ ತಿಳಿಯಲಿಲ್ಲ. ಪಟ್ಟಿ ಮುಗಿದಾಗ ಐದು ಜನ ಹಾಜರು, ಮೂವತ್ತೈದು ಜನ ಗೈರು. ಆ ಐದೂ ಜನ ತಿಮ್ಮಯ್ಯನೇ.

"ಉಳಿದವರು ಎಲ್ಲಿ?" ಅಂದರು ಸಾಹೇಬರು.

"ಎದುರ್ಗೇ ಕೂತವ್ರಲ್ಲಾ ಸಾರ್."

"ಕೂತಿರೋದು ಕಾಣ್ತಾ ಇದೆ ಅಶ್ವಥ್. ಹಾಜರಿ ಇಲ್ವಲ್ಲ."

ತಿಮ್ಮಯ್ಯ ಪಕ್ಕದವನ ಕಿವಿಯ ಹತ್ತಿರ ಬಾಗಿ, ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು, ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿದರು. "ಏನ್ ವಟಗುಟ್ತನಪ್ಪ ಈ ಬಡ್ಡೀಮಗ. ಬಾಯಿ ಮುಂದೆ ಕರೀ ಬದ್ನೇಕಾಯಿ ಇಟ್ಕಂಡವ್ನೆ, ತುಟಿನೇ ಕಾಣಾಕಿಲ್ಲ."

ಪಕ್ಕದವನಿಗೆ ಏನೂ ಕೇಳಿಸುವುದಿಲ್ಲ. ಅವನು ತಿಮ್ಮಯ್ಯನ ತುಟಿ ನೋಡಿ ಜೋರಾಗಿ ತಲೆ ಆಡಿಸಿದ. ಸಾಹೇಬರು ಮೈಕು ಕೆಳಗಿಳಿಸದೆ ಮುಂದಿನ ಪುಟ ತಿರುವಿದರು.

"ಕೇಂದ್ರದ ಸೌಲಭ್ಯಗಳ ಬಗ್ಗೆ ಇವರಿಗೆ ತೃಪ್ತಿ ಇದೆಯೇ? ಟೀಚರ್, ಕೇಳಿ."

ಲತಾಮಣಿ ಮೇಡಂ ರೇಷ್ಮೆ ಸೀರೆಯ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. ಹುಡುಗಿಯಾಗಿದ್ದಾಗ ಅವರು ಭರತನಾಟ್ಯ ಕಲಿತಿದ್ದರಂತೆ. ಎರಡು ಅಂಗೈ ಸೇರಿಸಿ ತಾವರೆ ಅರಳಿಸಿದರು. ತಲೆಯ ಮೇಲೆ ಎರಡು ಬೆರಳು ಎತ್ತಿ ಕೊಂಬು ಮಾಡಿದರು. ಕುತ್ತಿಗೆ ಆ ಕಡೆ ಈ ಕಡೆ ಆಡಿಸಿ, ಬಿಲ್ಲು ಎಳೆದು ನಿಂತರು.

ಏನಂತೆ, ಎಂದು ಅಸ್ರಾ ಕೆಳಗಿನಿಂದ ಕೈಯಲ್ಲಿ ನನ್ನನ್ನು ಕೇಳಿದಳು. ನಾನು ವೇದಿಕೆಯ ಮೂಲೆಯಲ್ಲಿ ನೀರಿನ ಬಾಟಲಿಗಳ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆ ಕೆಳಗಿಟ್ಟು, ಒಂದು ಜಿಂಕೆ ಕೆರೆಗೆ ನೀರು ಕುಡಿಯಲು ಬಂದಿದೆ, ಎಂದೆ.

ಅದನ್ನು ಹೊಡೆಯುತ್ತಾರಾ?

ಗೊತ್ತಿಲ್ಲ, ಇನ್ನೂ ಬಾಣ ಬಿಟ್ಟಿಲ್ಲ.

ಅಸ್ರಾ ಅದನ್ನು ಹಿಂದಿನ ಸಾಲಿಗೆ ಹೇಳಿದಳು, ಅವರು ಇನ್ನೂ ಹಿಂದಕ್ಕೆ ದಾಟಿಸಿದರು. ನಲವತ್ತು ಜನವೂ ಎರಡು ಕೈ ಮೇಲೆತ್ತಿ ಬೆರಳು ಅಲ್ಲಾಡಿಸಿದರು. ಅವರು ಚಪ್ಪಾಳೆ ಹೊಡೆಯುವುದು ಹಾಗೆ. ಜಿಂಕೆ ಅಷ್ಟು ಚೆನ್ನಾಗಿತ್ತು.

"ಯಾಕೆ ಎಲ್ಲರೂ ಕೈ ಎತ್ತಿದ್ದಾರೆ?"

"ತೃಪ್ತಿ ಐತಂತೆ ಸಾರ್," ಅಂದರು ಅಶ್ವಥಣ್ಣ. "ನೂರಕ್ಕೆ ನೂರು."

ಸಾಹೇಬರು ನೂರು ಎಂದು ಬರೆದುಕೊಂಡರು.

ಆಮೇಲೆ ಕಿವಿಯ ಪರೀಕ್ಷೆ. ಅದಕ್ಕೆಂದು ಕಟ್ಟಿಸಿದ ಕೋಣೆಯೊಂದಿದೆ. ಒಳಗೆ ಒಂದು ಯಂತ್ರವೂ ಇದೆ, ಯಂತ್ರದ ಮೇಲೆ ಅಶ್ವಥಣ್ಣನ ತೆಂಗಿನಕಾಯಿ ಮೂಟೆಗಳೂ ಇವೆ. ಬೀಗದ ಕೈ ತೋಟದ ಮನೆಯಲ್ಲಿ ಉಳಿದುಬಿಟ್ಟಿದೆ ಎಂದರು.

"ಬಿಡಿ," ಅಂದರು ಸಾಹೇಬರು. "ಯಂತ್ರ ನಂಬೋ ಹಾಗೇ ಇಲ್ಲ. ನಂದೇ ಒಂದು ವಿಧಾನ ಇದೆ. ಗೋಡೆ ಕಡೆ ಮುಖ ಮಾಡಿ ನಿಲ್ಲಿಸೋದು, ಹಿಂದಿನಿಂದ ಹೆಸರು ಕರೆಯೋದು. ತಿರುಗಿದರೆ ಬೋಗಸ್. ಹೋದ ವಾರ ಒಂದೇ ದಿನ ಹನ್ನೊಂದು ಜನ ಸಿಕ್ಕಿಬಿದ್ದರು."

"ಭಾರಿ ಐಡಿಯಾ ಸಾರ್," ಅಂದರು ಅಶ್ವಥಣ್ಣ.

ಮೊದಲು ತಿಮ್ಮಯ್ಯನನ್ನು ಹತ್ತಿಸಿದರು. ಸಾಹೇಬರು ಮೂರು ಸಲ ಕರೆದರು. ತಿಮ್ಮಯ್ಯ ತಿರುಗಲಿಲ್ಲ. ಗೋಡೆಗೇ ಹೇಳಿದರು, "ಎಷ್ಟೊತ್ತಪ್ಪಾ ಹಿಂಗೆ ನಿಲ್ಲೋದು? ಚಿಕ್ಕೋನಾಗಿದ್ದಾಗ ಮೇಷ್ಟ್ರೂ ಹಿಂಗೇ ನಿಲ್ಸೋರು. ಕೇಳಿದ್ಕೆ ಮಾತಾಡ್ನಿಲ್ಲ ಅಂತ."

ಮೊಹರು ಬಿತ್ತು. ಹೀಗೆ ಹದಿನಾರು ಜನ ಗೋಡೆ ನೋಡಿ ಇಳಿದರು. ಹದಿನೇಳನೆಯವಳು ಅಸ್ರಾ.

ಅವಳು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಿದಳು. ಹಲಗೆಯ ಮೇಲೆ ಅವಳು ಯಾವತ್ತೂ ಚಪ್ಪಲಿ ಹಾಕುವುದಿಲ್ಲ. ಅಟ್ಟದಲ್ಲಿ ಅಂಗಾಲಿಗೆ ಬರುವ ಅದುರಿನಿಂದಲೇ ಅವಳು ಲೇತಿನ ಪಟ್ಟಿ ಸಡಿಲವಾದದ್ದನ್ನು ಅಬ್ಬಾಗಿಂತ ಮೊದಲು ಹೇಳುತ್ತಾಳೆ. ದುಪಟ್ಟಾ ಸರಿಮಾಡಿಕೊಂಡು, ಗೋಡೆಯ ಕಡೆ ಮುಖ ಮಾಡಿ, ಕೈಕಟ್ಟಿ ನಿಂತಳು.

"ಅಸ್ರಾ ಬಾನು," ಅಂದರು ಸಾಹೇಬರು ಮೆತ್ತಗೆ.

ನಾನು ತಟ್ಟೆಯನ್ನು ಗಟ್ಟಿಯಾಗಿ ಹಿಡಿದೆ.

"ಅಸ್ರಾ ಬಾನು." ಸ್ವಲ್ಪ ಜೋರಾಗಿ.

ಅವಳು ಅಲ್ಲಾಡಲಿಲ್ಲ. ಸಾಹೇಬರು ಮೊಹರಿನ ಕಡೆ ಕೈ ಚಾಚಿದವರು ಹಿಂದೆಗೆದು ಮೈಕು ಹಿಡಿದು, ಅಬ್ಬಾ ಲೇತಿನ ಮುಂದಿನಿಂದ ಕೂಗುವಂತೆಯೇ ಕೂಗಿದರು. "ಅಸ್ರಾ."

ನನ್ನ ಹಿಮ್ಮಡಿ ಹಲಗೆಗೆ ಗುದ್ದಿತು.

ಅವಳು ತಿರುಗಿದಳು. ಸಾಹೇಬರನ್ನು ನೋಡಲೇ ಇಲ್ಲ. ನನ್ನನ್ನು ನೋಡಿ, ಹುಬ್ಬು ಎತ್ತಿ, ಏನು ಎಂದು ನಕ್ಕಳು.

"ಕೇಳಿಸ್ತು," ಅಂದರು ಸಾಹೇಬರು. ಅವರ ಮುಖದಲ್ಲಿ ಮೀನು ಸಿಕ್ಕಿದವನ ಸಂತೋಷವಿತ್ತು. ಕಾರ್ಡನ್ನು ತೆಗೆದುಕೊಂಡು ತಮ್ಮ ಫೈಲಿನೊಳಗೆ ಹಾಕಿದರು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ, ಕೇಳಿಸುತ್ತದೆ, ಎಂದು ದುಂಡಗೆ ಬರೆದರು.

ನನ್ನ ಬಾಯಿ ತೆರೆಯಿತು, ದನಿ ಬರಲಿಲ್ಲ. ಏಳನೇ ಕ್ಲಾಸಿನಲ್ಲಿ ಎದ್ದು ನಿಂತು ಓದು ಎಂದಾಗಲೂ ಹೀಗೇ ಆಗುತ್ತಿತ್ತು. ಅಕ್ಷರ ಗೊತ್ತಿರುತ್ತಿತ್ತು, ಸಾಲು ಗೊತ್ತಿರುತ್ತಿತ್ತು, ಗಂಟಲು ಮುಚ್ಚಿಕೊಳ್ಳುತ್ತಿತ್ತು. ತಂಗಿಯನ್ನು ನೋಡಿಕೊಳ್ಳಬೇಕು ಎಂದು ಹೇಳಿ ಸ್ಕೂಲು ಬಿಟ್ಟೆ. ನಿಜಕ್ಕೂ ಅವಳೇ ನನ್ನನ್ನು ನೋಡಿಕೊಂಡದ್ದು.

"ಸಾರ್," ಅಂದೆ. ಸ್ಪೀಕರು ಸಿಳ್ಳೆ ಹಾಕಿತು. ಇನ್ನೊಂದು ಸಲ ಅಂದೆ. "ಸಾರ್, ನಾನು ಕಾಲ್ ಗುದ್ದಿದ್ದು. ಅದ್ಕೇ ತಿರುಗಿದ್ಲು. ಮನೇಲಿ ಅವ್ಳನ್ನ ಹಂಗೇ ಕರೆಯೋದು."

"ನೀವ್ಯಾರು?"

"ಕಸ ಗುಡ್ಸೋಳು ಸಾರ್," ಅಂದರು ಅಶ್ವಥಣ್ಣ. "ಇವ್ಳ ಅಕ್ಕ."

"ಕಸ ಗುಡಿಸುವವರ ಹೇಳಿಕೆ ಬರೆದುಕೊಳ್ಳಲಿಕ್ಕೆ ಇದರಲ್ಲಿ ಕಾಲಂ ಇಲ್ಲಮ್ಮ."

"ಇನ್ನೊಂದ್ಸಲ ಕರೀರಿ ಸಾರ್. ನಾನು ಕೆಳಗಿಳೀತೀನಿ."

"ಒಂದು ಸಲ ಕೇಳಿಸಿದ ಮೇಲೆ ಮತ್ತೆ ಕೇಳಿಸಲ್ಲ ಅಂತ ಬರೆಯೋಕೆ ನನಗೆ ಅಧಿಕಾರ ಇಲ್ಲ. ಆಕ್ಷೇಪಣೆ ಇದ್ದರೆ ಸಹಾಯವಾಣಿಗೆ ಫೋನ್ ಮಾಡಲಿ. ಅವಳೇ ಮಾಡಬೇಕು."

"ಅವ್ಳಿಗೆ ಕೇಳ್ಸಲ್ಲ ಸಾರ್."

"ಅದನ್ನೇ ಫೋನಲ್ಲಿ ಹೇಳಲಿ."

ಊಟದ ಹೊತ್ತಿಗೆ ನಾವಿಬ್ಬರು ಹಿತ್ತಲಲ್ಲಿ ತಟ್ಟೆ ತೊಳೆಯುತ್ತಿದ್ದೆವು. ಅಸ್ರಾ ಕೈ ಒರೆಸಿಕೊಂಡು, ಯಾಕೆ ಕರೆದೆ, ಎಂದು ಕೇಳಿದಳು.

ಅವರು ನಿನ್ನ ಹೆಸರು ಕೂಗಿದರು. ಕಾಲು ತಾನಾಗಿ ಗುದ್ದಿತು.

ಏನು ಬರೆದುಕೊಂಡರು?

ನಿನಗೆ ಕೇಳಿಸುತ್ತದೆ ಎಂದು ಬರೆದುಕೊಂಡರು.

ಅವಳು ಮೊದಲು ನಕ್ಕಳು. ಕೂತಲ್ಲೇ ಹಿಂದಕ್ಕೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು.

ಸೋಮವಾರ?

ನಾನು ತಟ್ಟೆಗೆ ಬೂದಿ ಹಾಕಿ ಉಜ್ಜಿದೆ. ಅವಳು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಸೋಮವಾರ?

ಫೋನ್ ಮಾಡಿದೆ. ಮೊದಲು ಒಂದು ಹಾಡು ಬಂತು, ಆಮೇಲೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದಿತು. ಕೊನೆಗೆ ಒಬ್ಬ ಹೆಂಗಸು ಸಿಕ್ಕಿದರು. ನಾನು ತೊದಲುತ್ತ ಎಲ್ಲ ಹೇಳಿದೆ.

"ಕಾರ್ಡು ಯಾರ ಹೆಸರಲ್ಲಿದೆ ಮೇಡಂ? ಅವರಿಗೇ ಫೋನ್ ಕೊಡಿ."

ನಾನು ಅಸ್ರಾಳ ಕಿವಿಗೆ ಹಿಡಿದೆ. ಅವಳು ಬೇರೆಯವರು ಫೋನ್ ಹಿಡಿಯುವುದನ್ನು ನೋಡಿದ ಹಾಗೆಯೇ ತಲೆ ವಾರೆ ಮಾಡಿ, ಕೆನ್ನೆಗೆ ಒತ್ತಿಕೊಂಡಳು. ತನ್ನ ಹೆಸರನ್ನು ಹೇಳಿದಳು. ಅವಳ ಬಾಯಲ್ಲಿ ಅದು ಅಆ ಎಂದು ಬರುತ್ತದೆ. ನಮಗೆ ಸಾಕು.

"ಹಲೋ," ಅಂತು ಫೋನು. "ಸ್ಪಷ್ಟವಾಗಿ ಮಾತಾಡಿ ಮೇಡಂ. ಹಲೋ. ನನಗೆ ಏನೂ ಕೇಳಿಸ್ತಾ ಇಲ್ಲ."

ಲೈನು ಹೋಯಿತು. ಎರಡು ನಿಮಿಷಕ್ಕೆ ಒಂದು ಮೆಸೇಜು ಬಂತು. ನಿಮ್ಮ ದೂರು ಇತ್ಯರ್ಥವಾಗಿದೆ, ಸಹಕರಿಸಿದ್ದಕ್ಕೆ ಧನ್ಯವಾದಗಳು.

ಅಶ್ವಥಣ್ಣ ಬೆರಳು ನೆಕ್ಕುತ್ತ ಹಿತ್ತಲಿಗೆ ಬಂದರು. "ಯಾಕೇ ಮುಖ ಹಿಂಗ್ ಮಾಡ್ಕಂಡಿದ್ದೀರಿ? ದೊಡ್ಡ ದೊಡ್ಡ ಡಾಕ್ಟ್ರ ಕೈಲಿ ಆಗ್ದಿದ್ದು ಸರ್ಕಾರ ಒಂದು ಪೆನ್ನಲ್ಲಿ ಮಾಡ್ಬುಡ್ತು. ಕಿವಿ ಬಂತಲ್ಲ, ಮಸೀದಿಗೆ ಸಕ್ಕರೆ ಹಂಚ್ರಿ." ಕೈ ತೊಳೆಯಲು ಚಾಚಿದರು. ನಾನು ನೀರು ಹಾಕಿದೆ. "ಮತ್ತೆ ಆ ಕಾಲ್ ಗುದ್ದಿದ ಕತೆ ಇಲ್ಗೇ ಬುಟ್ಬುಡು. ತಪಾಸಣೆ ಕೆಡಿಸ್ದೆ ಅಂತ ನಿನ್ನ ಮೇಲೇ ಬತ್ತದೆ. ನಿಮ್ಮೋರು ಬಲೇ ನಾಟ್ಕ ಕಟ್ತೀರಾ ಕಣೇ. ಅದ್ಸರಿ, ಆ ಗಿಲಕಿ ತಂದ್ಯಾ?"

ತಂದಿದ್ದೆ. ಸಾಹೇಬರಿಗೆ ಕೊಡಲು ಚನ್ನಪಟ್ಟಣದ ಸಾಮಾನು ಬೇಕು, ಮನೆಯಿಂದ ಒಂದು ತಾ, ಎಂದು ಹಿಂದಿನ ದಿನವೇ ಹೇಳಿದ್ದರು. ಹಳದಿ ಕೆಂಪು ಬಣ್ಣದ ಗಿಲಕಿ, ಹೊಳಪು ಅಸ್ರಾಳದು. ಗಿಲಕಿ ಮುಗಿದ ಮೇಲೆ ಅವಳು ಅಂಗೈ ನಡುವೆ ಇಟ್ಟು ಅಲ್ಲಾಡಿಸಿ ನೋಡುತ್ತಾಳೆ. ಒಳಗಿನ ಕಾಳು ಸರಿಯಾಗಿ ಓಡಾಡಿದರೆ ಮಾತ್ರ ಕಳಿಸುತ್ತಾಳೆ.

ಮೂರು ಗಂಟೆಗೆ ವೇದಿಕೆಯ ಮೇಲೆ ಸಾಹೇಬರಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಗಿಲಕಿ ಕೊಟ್ಟರು. ಅವರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಮಗುವಿನಂತೆ ನಕ್ಕರು. ಕಿವುಡರ ಸೇವೆಯಲ್ಲಿ ಈ ಕೇಂದ್ರ ಜಿಲ್ಲೆಗೇ ಮಾದರಿ ಎಂದು ಮೈಕಿನಲ್ಲಿ ಹೇಳಿ, ಫೈಲು ಎತ್ತಿಕೊಂಡು ಇಳಿದರು. ಅಶ್ವಥಣ್ಣ, ಲತಾಮಣಿ ಮೇಡಂ ಅವರ ಹಿಂದೆ ಹೋದರು. ಕಾರು ಅಂಗಳದ ಆ ತುದಿಯಲ್ಲಿ ನಿಂತಿತ್ತು. ಎಲ್ಲರ ಬೆನ್ನೂ ನಮ್ಮ ಕಡೆ.

ಅಸ್ರಾ ಚಪ್ಪಲಿ ಬಿಟ್ಟು ಮತ್ತೆ ವೇದಿಕೆ ಹತ್ತಿದಳು. ಹಲಗೆಯ ನಡುವೆ ನಿಂತು ಹಿಮ್ಮಡಿ ಎತ್ತಿ ಒಂದು ಗುದ್ದು ಗುದ್ದಿದಳು. ಸಾಹೇಬರ ಬೆನ್ನು ನೋಡಿದಳು. ಇನ್ನೊಂದು ಗುದ್ದಿದಳು.

"ಏನ್ ಕೂಸೇ ಅದು?" ಅಂದರು ತಿಮ್ಮಯ್ಯ ನನ್ನನ್ನು.

ನಾನು ಅವರ ಮುಖದ ಎದುರು ನಿಂತು, ತುಟಿ ಕಾಣುವಂತೆ ನಿಧಾನವಾಗಿ, "ಕರೀತಾವ್ಳೆ," ಅಂದೆ.

"ಯಾರ್ನ, ಆ ಬದ್ನೇಕಾಯಿ ನನ್ಮಗನ್ನಾ?" ತಿಮ್ಮಯ್ಯ ಕೋಲು ಊರಿಕೊಂಡು ಹತ್ತಿದರು. ಅವಳ ಪಕ್ಕ ನಿಂತು ಕೋಲಿನಿಂದ ಒಂದು, ಕಾಲಿನಿಂದ ಒಂದು ಹಾಕಿದರು. ಮಿಕ್ಕವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಾಗಡಿಯವರು ಹತ್ತಿದರು, ಕನಕಪುರದವರು ಹತ್ತಿದರು. ಅವರವರ ಮನೆಯಲ್ಲೂ ಕರೆಯುವುದು ಹೀಗೇ ಇರಬೇಕು. ಎಲ್ಲರ ಹಿಮ್ಮಡಿ ಒಟ್ಟಿಗೆ ಬಿದ್ದಾಗ ವೇದಿಕೆಯ ಕಂಬಗಳು ಕಿರುಗುಟ್ಟಿದವು. ಮೇಜಿನ ಮೇಲೆ ಸಾಲಾಗಿದ್ದ ಡಬ್ಬಿಗಳು ಒಂದೊಂದಾಗಿ ಅಂಚಿಗೆ ಬಂದು, ಕೆಟ್ಟ ಮೂಲೆ ಮೇಲಾಗಿ, ಕೆಳಗೆ ಬಿದ್ದವು.

"ಗಲಾಟೆ ಮಾಡ್ತಾವೆ ಸಾರ್, ನೀವು ಹೊರಡಿ. ನಾನ್ ನೋಡ್ಕತೀನಿ ಈ ಬೋಳಿಮಕ್ಳನ್ನ," ಎನ್ನುತ್ತಿದ್ದರು ಅಶ್ವಥಣ್ಣ. ಸಾಹೇಬರು ಕಾರಿನ ಬಾಗಿಲ ಮೇಲೆ ಕೈ ಇಟ್ಟಿದ್ದರು. ತಲೆಯ ಮೇಲೆ ಪೇಟ ಇನ್ನೂ ಇತ್ತು. ಗಿಲಕಿ ಕಂಕುಳಲ್ಲಿತ್ತು, ಅಸ್ರಾಳ ಕಾರ್ಡು ಫೈಲಿನೊಳಗಿತ್ತು.

ಮೈಕು ಆರಿಸಿರಲಿಲ್ಲ. ನಾನು ಅದನ್ನು ಕೈಗೆ ತೆಗೆದುಕೊಂಡೆ. ತುಟಿ ಮುಚ್ಚದ ಹಾಗೆ ಗಲ್ಲದ ಕೆಳಗೆ ಹಿಡಿದೆ. ಅಸ್ರಾ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಸಾರ್," ಅಂದೆ. "ಒಸಿ ಈ ಕಡೆ ತಿರುಗಿ."

ನನ್ನ ದನಿ ಎರಡೂ ಸ್ಪೀಕರಿನಿಂದ ಹೊರಟು ತೋಟ ದಾಟಿ ಮೈಸೂರು ರಸ್ತೆಯ ತನಕ ಹೋಯಿತು. ರಸ್ತೆಯಲ್ಲಿ ಹೋಗುತ್ತಿದ್ದ ಬೈಕಿನವನೊಬ್ಬ ಕಾಲೂರಿ ನಿಂತ. ಕಾರಿನ ಬಾಗಿಲು ತೆರೆಯಿತು, ಪೇಟ ಬಗ್ಗಿ ಒಳಗೆ ಹೋಯಿತು. ಹಲಗೆಯ ಮೇಲೆ ನಲವತ್ತು ಜನರ ಗುದ್ದು ಇನ್ನೂ ನಿಂತಿರಲಿಲ್ಲ.

"ಸಾರ್, ಒಸಿ ಈ ಕಡೆ ತಿರುಗಿ."